ವರ್ಷಕ್ಕೊಂದೇ ದಿನದ ಕಷಾಯ

ಮಳೆಗಾಲದ ನಡುವಿನ ಆಟಿ ತಿಂಗಳ ಅಮಾವಾಸ್ಯೆಯ ಬೆಳಗ್ಗೆ ಪಾಲೆ, ಅಂದರೆ ಹಾಲೆ, ಮರದ ತೊಗಟೆಯ ಕಷಾಯ ಕುಡಿಯುವುದು ನಮ್ಮ ಕಡೆಯ ಕ್ರಮ. ತೊಗಟೆಗೆ ಕತ್ತಿ ತಾಗಿಸಬಾರದು, ಕಲ್ಲಿನಲ್ಲಿ ಜಜ್ಜಿ ತೆಗೆಯಬೇಕು. ಬೆಳ್ಳುಳ್ಳಿ, ಓಮ, ಕರಿಮೆಣಸು ಹಾಕಿ ಅರೆದು, ರಸ ಹಿಂಡಿ, ಕೆಂಡದಲ್ಲಿ ಕಾಯಿಸಿದ ಬಿಳಿಕಲ್ಲನ್ನು ಅದರಲ್ಲಿ ಚುಂಯ್ ಎನಿಸಿ, ಕಣ್ಣು ಮುಚ್ಚಿ ಒಂದು ಸಣ್ಣ ಲೋಟ ಕುಡಿಯುವುದು. ಮೇಲಿಂದ ಹೊಟ್ಟೆ ತಂಪಿಗೆ ಮೆಂತೆ ಗಂಜಿ. ಮತ್ತೆ ಮುಂದಿನ ಆಟಿಗೇ.

ಶಿರ್ತಾಡಿಯಲ್ಲಿರುವ ನನ್ನ ಅಕ್ಕ ಅದನ್ನು ದಿನಾ ಕುಡಿಯತೊಡಗಿದ್ದು ಮೊಬೈಲ್ ನೋಡಿ. ಟಿ.ವಿ.ಯಲ್ಲೂ ಬರುವ ಹೆಸರಾಂತ ತಜ್ಞರೊಬ್ಬರು ಬಿಳಿ ಕೋಟು ಹಾಕಿ ಕೂತು, ಈ ತೊಗಟೆ ಸಕ್ಕರೆ ಕಾಯಿಲೆಯನ್ನು ಬುಡಸಮೇತ ಕೀಳುತ್ತದೆ, ವಿದೇಶದ ಲ್ಯಾಬಿನಲ್ಲಿ ಸಾಬೀತಾಗಿದೆ, ದಿನಾ ಕುಡಿಯಿರಿ, ಮಾತ್ರೆ ಬಿಸಾಡಿ ಎಂದಿದ್ದರು. ಅಕ್ಕ ಮಾತ್ರೆ ಬಿಟ್ಟಳು.

ವಿಷಯ ತಿಳಿದು ನಾನು ಬೆಳ್ತಂಗಡಿಯಿಂದ ಬಸ್ಸು ಹತ್ತಿ ಹೋದೆ.

"ಯಾವ ಲ್ಯಾಬ್ ಅಂತ ಹೇಳಿದ್ರಾ ಅಕ್ಕ? ಎಷ್ಟು ಜನರಿಗೆ ಕೊಟ್ಟು ನೋಡಿದ್ರಂತೆ?"

"ಅಷ್ಟು ದೊಡ್ಡ ಮನುಷ್ಯ ಸುಳ್ಳು ಹೇಳ್ತಾರಾ? ಲ್ಯಾಬಿನ ಲೆಕ್ಕ ಕೇಳ್ಲಿಕ್ಕೆ ನೀನು ಯಾವ ಸೈಂಟಿಸ್ಟು ಮಾರಾಯ್ತಿ?"

"ಅಮ್ಮ ಒಂದೇ ದಿನ ಕೊಡ್ತಿದ್ದದ್ದಲ್ವಾ?"

"ಅಮ್ಮನಿಗೆ ವಿಜ್ಞಾನ ಗೊತ್ತಿತ್ತಾ? ಈಗ ವಿಜ್ಞಾನವೇ ನಮ್ಮ ಹಿರಿಯರನ್ನು ಒಪ್ಪಿದೆ. ನಿನಗೇ ಒಪ್ಲಿಕ್ಕೆ ಕಷ್ಟ."

ಹಿರಿಯರ ಕ್ರಮಕ್ಕೆ ಇದ್ದ ಮಿತಿಯನ್ನು ಕಿತ್ತು ಹಾಕಿ, ಹಿರಿಯರ ಹೆಸರಿನಲ್ಲೇ ಮಾರುವವರ ಮುಂದೆ ನನ್ನ ಮಾತಿಗೆ ಎಷ್ಟು ಬೆಲೆ? ಕೋಪ ಬರುವುದು ಅಕ್ಕನ ಮೇಲಲ್ಲ. ಆದರೆ ಆ ಕೋಪವನ್ನು ಹೇಳಿಕೊಳ್ಳುವ ವಿಳಾಸ ನನಗೆ ಸಿಗಲಿಲ್ಲ.

ಮಳೆ ಬಿಡುವ ಹೊತ್ತಿಗೆ ಅವಳ ಕಾಲ್ಬೆರಳ ಸಂದಿಯಲ್ಲಿ ಚಪ್ಪಲಿ ಬಾರು ತಾಗಿ ಗಾಯವಾಯಿತು. ನೋವೇ ಇಲ್ಲವೆಂದಳು, ಅದನ್ನೂ ಕಷಾಯದ ಗುಣಕ್ಕೆ ಸೇರಿಸಿದಳು. ವಾಸನೆ ಬಂದ ಮೇಲೆ ಮೂಡುಬಿದಿರೆಗೆ ಕರೆದುಕೊಂಡು ಹೋದದ್ದು. ಡಾಕ್ಟರು ಬೈಯಲಿಲ್ಲ. "ಇಂಥದ್ದು ತುಂಬಾ ಬರ್ತದೆ ಅಮ್ಮ" ಎಂದರು, ಅಷ್ಟೇ. ಮೊದಲು ಬೆರಳು ಹೋಯಿತು, ಆಮೇಲೆ ಅರ್ಧ ಪಾದ.

ಈಗ ಡ್ರೆಸ್ಸಿಂಗ್ ಮಾಡಲಿಕ್ಕೆಂದು ನಾನು ಅವಳ ಮನೆಯಲ್ಲೇ ಇದ್ದೇನೆ. ಜಗಲಿಯಲ್ಲಿ ಕುರ್ಚಿ ಹಾಕಿ ಕೂರಿಸಿ, ಕಾಲನ್ನು ಮುಕ್ಕಾಲಿಯ ಮೇಲಿಟ್ಟು ಹತ್ತಿ ಬಿಡಿಸುತ್ತೇನೆ. ಗಾಯ ಮಾಗುವ ಲಕ್ಷಣವಿಲ್ಲ.

ನಿನ್ನೆ ಅವಳು ತಾನಾಗಿಯೇ ಹೇಳಿದಳು, "ತಪ್ಪು ನಂದೇ. ಮಧ್ಯೆ ಮಧ್ಯೆ ಕಷಾಯ ತಪ್ಪಿಸಿದೆ. ಅವರು ದಿನಾ ಅಂತ ಹೇಳಿದ್ರು."

ನಾನು ಹತ್ತಿ ಪಕ್ಕಕ್ಕಿಟ್ಟು ಬ್ಯಾಂಡೇಜಿನ ಸುರುಳಿ ಬಿಚ್ಚಿದೆ.

ಆಗಲೇ ಅವಳ ಮೊಬೈಲಿನಲ್ಲಿ ಅದೇ ತಜ್ಞರ ಸ್ವರ. ಈ ಸಲ ನಿಂಬೆಸಿಪ್ಪೆ. ಕಣ್ಣಿನ ಮಂಜು ಕರಗುತ್ತದಂತೆ. ಅಕ್ಕನಿಗೆ ಕೆಲವು ವಾರಗಳಿಂದ ಕಣ್ಣೂ ಮಂಜು.

"ಸ್ವಲ್ಪ ಜೋರು ಮಾಡು" ಎಂದಳು.

ನನ್ನ ಕೈಯಲ್ಲಿ ಬ್ಯಾಂಡೇಜಿತ್ತು. ಅವಳೇ ಬಗ್ಗಿ, ಮೊಬೈಲನ್ನು ಮುಖದ ಹತ್ತಿರ ಹಿಡಿದು, ತಡಕಾಡಿ ಜೋರು ಮಾಡಿಕೊಂಡಳು.