ತೊಟ್ಟಿಗೊಂದು ಬಣ್ಣದ ಪಟ್ಟಿ

ನನ್ನ ಅತ್ತೆಯನ್ನು ಬೀದಿಯವರೆಲ್ಲ ಮೆಷಿನ್ನಮ್ಮ ಎಂದೇ ಕರೆಯುತ್ತಿದ್ದರು. ಮುಂದಿನ ಕೋಣೆಯ ಕಿಟಕಿ ಪಕ್ಕ ಅವರ ಹೊಲಿಗೆ ಮೆಷಿನ್ನು, ಅದರ ಕೆಳಗೆ ಚೂರುಬಟ್ಟೆಯ ರಾಶಿ. ಆ ಚೂರು ಕಸಕ್ಕೆ ಹೋದದ್ದನ್ನು ನಾನು ನೋಡಲೇ ಇಲ್ಲ. ದಿಂಬಿನ ಹೊಟ್ಟೆಗೆ, ಕಿಟಕಿಯ ಸಂದಿಗೆ, ಕೊನೆಗೆ ಬಾಳೆಹಣ್ಣಿಗೂ ಅದೇ.

ಹಣ್ಣಿನ ಚಿಪ್ಪು ಮನೆಗೆ ಬಂದ ಕೂಡಲೇ ಅತ್ತೆ ಒಂದೊಂದೇ ಹಣ್ಣು ಬಿಡಿಸಿ, ತೊಟ್ಟಿಗೆ ಪ್ಲಾಸ್ಟಿಕ್ ಚೂರು ಬಿಗಿಯಾಗಿ ಸುತ್ತಿ, ಮೇಲೆ ಬಟ್ಟೆಯ ಪಟ್ಟಿ ಕಟ್ಟುತ್ತಿದ್ದರು. ಆಮೇಲೆ ಒಲೆಯಿಂದ ದೂರದ, ಬಿಸಿಲು ತಾಗದ ಗೋಡೆಯ ಹಗ್ಗಕ್ಕೆ ಸಾಲಾಗಿ ತೂಗುಹಾಕುತ್ತಿದ್ದರು. ಪಕ್ಕದ ಹಣ್ಣನ್ನು ಬೇಗ ಕಳಿಸುವ ಸೇಬನ್ನು ಯಾರಾದರೂ ಹತ್ತಿರ ಇಟ್ಟರೋ, ಅವತ್ತು ಅವರಿಗೆ ಮಂಗಳಾರತಿ.

“ಹಣ್ಣಿಗೆ ಮುಪ್ಪು ಶುರುವಾಗೋದೇ ತೊಟ್ಟಿಂದ” ಎನ್ನುತ್ತಿದ್ದರು. “ಅಲ್ಲಿ ಬಿಗಿದ್ರೆ ಇನ್ನೂ ನಾಕು ದಿನ ಬಾಳತ್ತೆ.”

ಪಟ್ಟಿಗೆ ಬಣ್ಣವೂ ಇತ್ತು. ಮಾವನದು ಬೂದು, ನನ್ನ ಗಂಡನದು ನೀಲಿ, ನಾದಿನಿಯದು ಕೆಂಪು. ಒಬ್ಬರದಕ್ಕೆ ಇನ್ನೊಬ್ಬರು ಕೈಹಾಕುವಂತಿರಲಿಲ್ಲ. ಸಾಲಿನ ತುದಿಯಲ್ಲಿ ಮಾತ್ರ ಬರೀ ದಾರ ಕಟ್ಟಿದ ಒಂದೆರಡು ಹಣ್ಣು.

ಹೊಸ ಸೊಸೆ ನಾನು, ನನ್ನ ಬಣ್ಣಕ್ಕೆ ಕಾದೆ. ಚಿಪ್ಪಿನ ಮೇಲೆ ಚಿಪ್ಪು ಬಂದು ಖಾಲಿಯಾಯಿತು, ಬಣ್ಣ ಬರಲಿಲ್ಲ. “ನಂದೇ ತಗೊಳ್ಳೆ” ಎಂದು ಗಂಡ ಉರಿಯುವ ಬೆಂಕಿಗೆ ತುಪ್ಪ ಸುರಿದರು. ಮನೆಯವರ ಸಾಲಿನಲ್ಲಿ ನಾನಿದ್ದೇನೋ ಇಲ್ಲವೋ ಎಂಬ ಸಂಕಟ ಅವರಿಗೇನು ಗೊತ್ತು? ನನಗೋ ಮೂಗಿನ ತುದಿಯಲ್ಲೇ ಕೋಪ. ಒಂದು ಮಧ್ಯಾಹ್ನ ಮೆಷಿನ್ನಿನ ಮುಂದೆ ಹೋಗಿ ನಿಂತೆ.

“ಅತ್ತೆ, ನಾನೇನು ಈ ಮನೆಗೆ ಬಾಡಿಗೆಗೆ ಬಂದಿದೀನಾ? ನನ್ನ ಬಣ್ಣ ಎಲ್ಲಿ?”

ಮೆಷಿನ್ನು ನಿಂತಿತು. “ಅಯ್ಯೋ ಹುಚ್ಚಿ! ಬಣ್ಣ ಕಟ್ಟೋದು ಜಗಳ ಆಡೋರಿಗೆ. ಮನೆ ನಡೆಸೋರು ನಾವಿಬ್ರು, ನಮಗ್ಯಾಕೆ ಬಣ್ಣ? ಉಳಿದಿದ್ದೆಲ್ಲ ನಮ್ದೇ. ನಾನು ಬಂದಾಗ ನಮ್ಮತ್ತೆನೂ ನಂಗೆ ಹೀಗೇ ಹೇಳಿದ್ರು.”

ಹಾಲು ಕುಡಿದಷ್ಟು ಸಂತೋಷವಾಯಿತು. ಕುಣಿಯುತ್ತ ಅಡುಗೆಮನೆಗೆ ಹೋಗಿ ಸಾಲಿನ ತುದಿ ನೋಡಿದೆ. ಅಲ್ಲಿದ್ದವು ಎರಡೇ ಹಣ್ಣು. ಒಂದರ ತೊಟ್ಟು ಅರ್ಧ ಮುರಿದಿತ್ತು, ಇನ್ನೊಂದರ ಸಿಪ್ಪೆ ಕಪ್ಪಾಗಿತ್ತು. ಅತ್ತೆ ಒಂದು ದಿನವಾದರೂ ಒಳ್ಳೆಯ ಹಣ್ಣು ತಿಂದದ್ದು ನೆನಪಾಗಲಿಲ್ಲ. ಇಡೀ ಮನೆಯ ಹಣ್ಣು ಕಾಯುವ ಈ ಹೆಂಗಸು ಎಲ್ಲರೂ ಬಿಟ್ಟದ್ದನ್ನು ತಿಂದುಕೊಂಡು ಬಂದಿದ್ದರು. ನನಗೆ ಅಳು ಬಂತು, ಅಳುವಿಗಿಂತ ಹೆಚ್ಚು ಸಿಟ್ಟು ಬಂತು.

ಅತ್ತೆಯ ಕತ್ತರಿಯನ್ನು ಆ ಮನೆಯಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ನಾನು ಮುಟ್ಟಿದೆ. ರಾಶಿಯಿಂದ ಹಸಿರು, ಹಳದಿ ಚೂರು ಎಳೆದು ಪಟ್ಟಿ ಕತ್ತರಿಸಿ, ಸಾಲಿನ ಎರಡು ದಪ್ಪ ಹಣ್ಣುಗಳ ಹಳೆ ಪಟ್ಟಿ ಬಿಚ್ಚಿ ಇವನ್ನು ಕಟ್ಟಿದೆ.

ಕತ್ತರಿ ಮುಟ್ಟಿದ್ದಕ್ಕೆ ಬೈಯುತ್ತಲೇ ಬಂದ ಅತ್ತೆ ಹಗ್ಗ ನೋಡಿ, “ಇದ್ಯಾರದೇ ಹೊಸದು?” ಎಂದರು.

“ಹಳದಿ ನಂದು, ಹಸಿರು ನಿಮ್ದು. ಕೂತ್ಕೊಳ್ಳಿ, ಈಗ್ಲೇ ತಿನ್ನಿ.”

“ಕಪ್ಪಾಗಿದ್ದೇ ಜಾಸ್ತಿ ಸಿಹಿ ಕಣೇ” ಎಂದು ಗೊಣಗಿದರು. ಆದರೂ ಕುಳಿತರು. ಸಿಪ್ಪೆಯನ್ನು ಸ್ವಲ್ಪಸ್ವಲ್ಪವೇ ಸುಲಿದು, ಪೂರ್ತಿ ಹಣ್ಣು ನಿಧಾನವಾಗಿ ತಿಂದರು.

ಅತ್ತೆ ಹೋಗಿ ಎಷ್ಟೋ ವರ್ಷವಾಯಿತು. ಆ ಮಧ್ಯಾಹ್ನ ಖಾಲಿ ಸಿಪ್ಪೆ ಕೈಯಲ್ಲಿ ಹಿಡಿದು ಅವರು ಅಂದದ್ದು ಮಾತ್ರ ಇನ್ನೂ ಕಿವಿಯಲ್ಲಿದೆ.

“ನಮ್ಮತ್ತೆ ಹಾಗೆ ಅಂದಾಗ ನಂಗೂ ಖುಷಿಯಾಗಿತ್ತು ಕಣೇ. ಕತ್ತರಿ ತಗೊಳ್ಳೋ ಬುದ್ಧಿ ಬರ್ಲಿಲ್ಲ ನೋಡು.”