ಅತ್ತಕಡೆಯ ಗಾಳಿ

ಪರದೇಶದ ಒಶಾವಾ ಊರಿನ ಉತ್ತರಕ್ಕಿರುವ ಒಂದು ಕುರಿ ಫಾರ್ಮಿನ ಬೇಲಿ ಪಕ್ಕ ಬೆಳಗಿನಿಂದ ಬೋರಲಾಗಿ ಮಲಗಿದ್ದೆವು. ವಿಮಾನದ ದಣಿವು ಇನ್ನೂ ನನ್ನ ಮೈ ಬಿಟ್ಟಿರಲಿಲ್ಲ. ಧಾರವಾಡದಲ್ಲಿ ನನ್ನೊಡನೆ ಓದಿದ ಬಸು ಇಲ್ಲಿ ಲೈಸೆನ್ಸ್ ಇರುವ ಬೇಟೆಗಾರ. ಕುರಿಮರಿಗಳನ್ನು ಹೊತ್ತೊಯ್ಯುತ್ತಿದ್ದ ಕಾಯೋಟಿಯನ್ನು, ಅಂದರೆ ತೋಳದ ಜಾತಿಯ ಒಂದು ಸಣ್ಣ ಪ್ರಾಣಿಯನ್ನು, ಹೊಡೆಯಲು ಫಾರ್ಮಿನ ಯಜಮಾನ ಅವನನ್ನು ಕರೆಸಿದ್ದ.

ಕೊನೆಗೂ ಅದು ಬಂತು. ಬಸು ದೂರ ಅಳೆಯುವ ರೇಂಜ್‌ಫೈಂಡರನ್ನು ಕಣ್ಣಿಗಿಟ್ಟ. ಮುನ್ನೂರಿಪ್ಪತ್ತು ಮೀಟರ್. ಅಷ್ಟು ದೂರಕ್ಕೆ ಗುಂಡು ಎಷ್ಟು ಇಳಿಯುತ್ತದೆ, ಎಷ್ಟು ಪಕ್ಕಕ್ಕೆ ಸರಿಯುತ್ತದೆ ಎಂಬುದನ್ನೂ ಅದೇ ಹೇಳುತ್ತದಂತೆ.

“ಗಾಳೀನೂ ಅದ ನೋಡ್ಕೊಂತೈತೇನು?” ಎಂದೆ.

“ಇಲ್ಲಲೇ, ಗಾಳಿ ನಾವ ಹೇಳ್ಬೇಕು. ಲೆಫ್ಟಿಂದ ಐತಿ, ಫೀಡ್ ಮಾಡೀನಿ.”

ಇಷ್ಟೆಲ್ಲ ಬಲ್ಲ ಯಂತ್ರಕ್ಕೆ ಗಾಳಿ ಗೊತ್ತಿಲ್ಲವೆಂದು ನನಗೆ ಅಚ್ಚರಿಯಾಯಿತು. ದುರ್ಬೀನಿನಲ್ಲಿ ನೋಡಿದೆ. ನಮ್ಮ ಹತ್ತಿರದ ಹುಲ್ಲು ಬಲಕ್ಕೆ ಬಾಗಿತ್ತು. ಕಾಯೋಟಿಯ ಸುತ್ತಲಿನ ಹುಲ್ಲು ಎಡಕ್ಕೆ ಬಾಗಿತ್ತು.

“ಬಸೂ, ಅಲ್ಲಿ ಉಲ್ಟಾ ಬೀಸಾಕತ್ತೈತಿ.”

ಅವನು ಬಹಳ ಹೊತ್ತು ನೋಡಿ ಬಂದೂಕಿನ ಟ್ರಿಗರಿನಿಂದ ಬೆರಳು ತೆಗೆದ. “ಹೋದ ವರ್ಷ ಹಿಂಗ ಗಾಳಿ ತಪ್ಪಿ ಒಂದು ಜಿಂಕಿ ಹೊಟ್ಟಿಗೆ ಗುಂಡು ಬಿತ್ತು. ರಕ್ತದ ಜಾಡು ಹಿಡದು ಸಂಜೀತನಕಾ ಹುಡುಕಿದೆ. ಸಿಗ್ಲೇ ಇಲ್ಲ.”

ಕಾಯೋಟಿ ಆ ಕಡೆಯ ಬೇಲಿ ನುಸುಳಿ ಕಾಣದಾಯಿತು. ಬಸು ಯಜಮಾನನಿಗೆ ಫೋನ್ ಮಾಡಿ ಸಾರಿ ಹೇಳಿದ.

“ಬೈದನೇನು?”

“ಇಲ್ಲ. ಅದು ಮತ್ತ ಬರತೈತಿ, ಕುರಿ ಎಲ್ಲಾ ಶೆಡ್ಡಿಗೆ ಹೊಡೀಬೇಕಂತ. ನಡಿ.”

ಮರಗಟ್ಟಿದ ಕಾಲು ಎಳೆಯುತ್ತ ನಾನೂ ಕುರಿಗಳ ಹಿಂದೆ ನಡೆದೆ.