ಗುರುಸಿದ್ದವ್ವನ ಅಳು ಮತ್ತು ಉಸಿರಿನ ಮಷಿನು

ಸುಂಯ್... ಟಕ್. ಸುಂಯ್... ಟಕ್. ಗದಗಿನ ಆಸ್ಪತ್ರೆಯ ಐಸಿಯು ಬಾಗಿಲ ಸಂದಿಯಿಂದ ಆ ಸಪ್ಪಳ ಕೇಳಿದ ಕೂಡಲೇ ಕುರ್ತಕೋಟಿಯ ಗುರುಸಿದ್ದವ್ವ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

ಸುತ್ತಲಿನ ಊರುಗಳಲ್ಲಿ ಅವಳಿಲ್ಲದೆ ಸಾವಿಗೆ ಶೋಭೆಯಿಲ್ಲ. ಸತ್ತವರ ಮುಂದೆ ಕೂತು, ಅವರ ಗುಣಗಳನ್ನು ಎತ್ತಿ ಎತ್ತಿ ಹಾಡಿಕೊಂಡು ಅಳುವುದರಲ್ಲಿ ಅವಳಿಗೆ ಸಮ ಯಾರೂ ಇಲ್ಲ. ಬದುಕಿದ್ದಾಗ ಒಂದು ಗುಣವೂ ಕಾಣಿಸದವರಿಗೂ ನಾಲ್ಕು ಹುಡುಕಿ ಕೊಡುತ್ತಿದ್ದಳು. ಕೊರೋನಾ ಕಾಲದಲ್ಲಿ ಅವಳಿಗೆ ಇನ್ನೊಂದು ವಿದ್ಯೆ ಬಂತು. ಯಾರನ್ನೋ ಉಸಿರಿನ ಮಷಿನಿಗೆ ಹಾಕಿದ್ದಾರೆಂಬ ಖಬರ ಬಂದರೆ ಸಾಕು, "ಮುಗೀತು. ಹೆಣಕ್ಕ ಗಾಳಿ ಹೊಡ್ಯಾಕತ್ಯಾರ" ಎಂದು ತೀರ್ಪು ಕೊಡುವಳು. ಜನ ನಂಬಿ, ಹೆಣದ ಮುಂದೆ ಹಾಡುವ ಭಜನೆಯವರಿಗೆ ಹೇಳಿ ಕಳಿಸುವರು. ಒಬ್ಬಿಬ್ಬರು ಬದುಕಿ ಬಂದರು. ಅವರನ್ನು ಗುರುಸಿದ್ದವ್ವ ಬಹಳ ದಿನ ಮಾತಾಡಿಸಲಿಲ್ಲ.

ಈ ಸಲ ಮಷಿನಿಗೆ ಹಾಕಿದ್ದು ಅವಳ ಬೆನ್ನಿಗೆ ಬಿದ್ದ ತಮ್ಮ ದ್ಯಾಮಪ್ಪನನ್ನು. ನ್ಯುಮೋನಿಯಾ. "ಉಸಿರು ದಣಿದಿದೆ, ಸ್ವಲ್ಪ ದಿನ ಮಷಿನು ಆ ಕೆಲಸ ಮಾಡಲಿ. ಈಗ ತೆಗೆದರೆ ದಾರಿಯಲ್ಲೇ ಹೋಗುತ್ತಾರೆ" ಎಂದಿದ್ದರು ಡಾಕ್ಟರು. ಆದರೆ ದ್ಯಾಮಪ್ಪನ ಮಗ ಸಿದ್ದಾರೂಢ ಅತ್ತೆಯ ಮಾತನ್ನು ನಂಬಿ ಬೆಳೆದವನು. ಅಪ್ಪನನ್ನು ಮನೆಗೆ ಒಯ್ಯಲು ಗಾಡಿ ಗೊತ್ತು ಮಾಡಿದ್ದ. ಹಿರಿಯಳಾದ ಗುರುಸಿದ್ದವ್ವ ಒಮ್ಮೆ ನೋಡಿ 'ಹೂಂ' ಎಂದರೆ ಹೊರಡುವುದೇ ಬಾಕಿ. ಊರಲ್ಲಿ ಭಜನೆಯವರು ಆಗಲೇ ಎರಡನೇ ಚಹಾಕ್ಕೆ ಬಂದಿದ್ದರು.

ಒಳಗೆ ಹೋಗಿ, ಬಾಯಲ್ಲಿ ನಳಿಕೆ ಹಾಕಿಸಿಕೊಂಡು ಮಲಗಿದ ತಮ್ಮನ ಪಕ್ಕ ನಿಂತಳು. "ನನ್ನ ಬಂಗಾರಾ..." ಎಂದು ರಾಗ ಎತ್ತಿದಳು. ದ್ಯಾಮಪ್ಪ ಕಣ್ಣು ಬಿಟ್ಟ. ಅಕ್ಕನನ್ನು ನೋಡಿ, ಎಡ ಅಂಗೈಯನ್ನು ಬಲ ಹೆಬ್ಬೆರಳಿನಿಂದ ಮೆಲ್ಲಗೆ ತಿಕ್ಕಿ, ಕೈ ಚಾಚಿದ. ತಂಬಾಕು!

ರಾಗ ಗಂಟಲಲ್ಲೇ ನಿಂತಿತು. "ಥೂ ನಿನ್ನ! ಬಾಯಾಗ ಪೈಪ ಇಟಗೊಂಡು ತಂಬಾಕ ಬೇಕೇನಲೇ ನಿನಗ?" ಬೈಯುತ್ತ ಬೈಯುತ್ತ ಅತ್ತಳು. ಆ ಅಳುವಿಗೆ ರಾಗವಿರಲಿಲ್ಲ.

ಹೊರಗೆ ಬಂದು ಸಿದ್ದಾರೂಢನಿಗೆ ಹೇಳಿದಳು: "ನಿಮ್ಮಪ್ಪಗ ಏನೂ ಆಗಿಲ್ಲಲೇ. ತಂಬಾಕ ಬೇಡಿದ."

"ಜೀವ ಹೋಗೂ ಮುಂದ ಕೈ ಹಂಗ ಆಡತಾವ ಅತ್ತಿ. ನೀನ ಹೇಳ್ತಿದ್ದಿ ಅಲಾ?"

"ಹೇಳ್ತಿದ್ನೆಪಾ. ಅದು ಮಂದಿ ತಮ್ಮಂದಿರ ಮಾತು."

"ಹಂಗಂದ್ರ ಹೆಂಗ? ಬೀಗರು ಮಣ್ಣಿಗೆ ಬರಾಕ ಮುಂಡರಗಿ ಬಿಟ್ಟಾರ. ಅವರಿಗೇನ ಹೇಳೂದು?"

"ಉಂಡು ಹೋಗ್ರಿ ಅನ್ನು."

"ಅಲ್ಲ ಅತ್ತಿ, ಅವರು ಹಾರ ಸೈತ ತಗೊಂಡಾರ, ಅದನ್ನ ಈಗ..."

ಮಷಿನು ತೆಗೀಬ್ಯಾಡ್ರಿ ಎಂದು ಹೇಳಲು ಗುರುಸಿದ್ದವ್ವ ಆಗಲೇ ಡಾಕ್ಟರ ಕೋಣೆಯತ್ತ ನಡೆದುಬಿಟ್ಟಿದ್ದಳು.